ಸುತ್ತಿಗೆಗಿಂತ ಸೊನ್ನೆ ಮೇಲು

ಡೊಂಬಿವಲಿ ಪೂರ್ವದಲ್ಲೋ ಕಲ್ಯಾಣ್ ಸ್ಟೇಷನ್ನಿನ ಆಸುಪಾಸಿನಲ್ಲೋ ಇರುವ ಒಂದು ಹಳೆಯ ಕ್ರೆಡಿಟ್ ಸೊಸೈಟಿಯ ಕಚೇರಿಯನ್ನು ಕಣ್ಣ ಮುಂದೆ ತಂದುಕೊಳ್ಳಿ. ಕ್ಯಾಶ್ ಕೌಂಟರಿನ ಹಿಂದೆ ಒಂದು ಉಕ್ಕಿನ ಕಪಾಟು. ಅದರ ಮೇಲಿನ ಅರೆಯಲ್ಲಿ ಕೆಂಪು ಬಟ್ಟೆಯ ಲೆಡ್ಜರುಗಳು, ಕೆಳಗಿನ ಅರೆಯಲ್ಲಿ ಒಂದು ರಟ್ಟಿನ ಪೆಟ್ಟಿಗೆ. ಪೆಟ್ಟಿಗೆಯೊಳಗೆ ಇಪ್ಪತ್ತು ಹಾರ್ಡ್ ಡಿಸ್ಕುಗಳು. ಕಂಪ್ಯೂಟರ್ ಬದಲಿಸಿದಾಗಲೆಲ್ಲ ರಿಪೇರಿಯವನು ಹಳೆಯ ಡಿಸ್ಕನ್ನು ಬಿಚ್ಚಿ ಮೇಜಿನ ಮೇಲಿಟ್ಟು ಹೋಗಿದ್ದಾನೆ. ಅದನ್ನು ಎಸೆಯಲು ಯಾರಿಗೂ ಧೈರ್ಯವಾಗಿಲ್ಲ, ಇಟ್ಟುಕೊಳ್ಳಲು ಯಾರಿಗೂ ಕಾರಣ ಗೊತ್ತಿಲ್ಲ.

ಇದು ಕ್ರೆಡಿಟ್ ಸೊಸೈಟಿಯ ಕಥೆ ಮಾತ್ರವಲ್ಲ. ಥಾಣೆಯ ಸಿಎ ಕಚೇರಿ, ವಾಶಿಯ ಪೆಥಾಲಜಿ ಲ್ಯಾಬು, ಕಲ್ಯಾಣಿನ ಶಾಲೆ, ವಾಗ್ಳೆ ಎಸ್ಟೇಟಿನ ಸಣ್ಣ ಕಾರ್ಖಾನೆ, ನೆರೂಳಿನ ಹೌಸಿಂಗ್ ಸೊಸೈಟಿ, ಯಾವುದೋ ಸಂಘದ ಕಚೇರಿ, ಎಲ್ಲೆಡೆಯೂ ಇಂಥದೊಂದು ಪೆಟ್ಟಿಗೆ ಇರುತ್ತದೆ. ಊರು ಬಿಟ್ಟು ಬಂದು ಹೋಟೆಲಿನಲ್ಲಿ ದುಡಿದು, ದಿನದ ಪಿಗ್ಮಿ ಕಟ್ಟಿದವರ ಖಾತೆ ಆ ಡಿಸ್ಕುಗಳಲ್ಲಿದೆ. ಅವರ ಪ್ಯಾನ್ ಕಾರ್ಡಿನ ಸ್ಕ್ಯಾನ್ ಪ್ರತಿ, ನಾಮಿನಿಯ ಹೆಸರು, ಸಹಿಯ ಚಿತ್ರ, ಸಾಲಕ್ಕೆ ಜಾಮೀನು ನಿಂತವರ ವಿಳಾಸ ಎಲ್ಲವೂ ಇದೆ. ಪೆಟ್ಟಿಗೆ ಕಚೇರಿಯದು. ಒಳಗಿರುವುದು ಮಾತ್ರ ಕಚೇರಿಯ ಸ್ವತ್ತಲ್ಲ.

ಕಚೇರಿ ಸ್ಥಳಾಂತರವಾದಾಗ, ಕಟ್ಟಡ ರೀಡೆವಲಪ್‌ಮೆಂಟಿಗೆ ಹೋದಾಗ, ದೀಪಾವಳಿಯ ಮುಂಚಿನ ಸಾಫ್‌ಸಫಾಯಿ ನಡೆದಾಗ ಈ ಪೆಟ್ಟಿಗೆ ಹೊರಗೆ ಬರುತ್ತದೆ. ಆಗ ನಡೆಯುವುದು ಎರಡರಲ್ಲಿ ಒಂದು. ಒಂದೋ ಭಂಗಾರ್‌ವಾಲಾ ಬಂದು ಕಿಲೋ ಲೆಕ್ಕದಲ್ಲಿ ತೂಗಿಕೊಂಡು ಹೋಗುತ್ತಾನೆ. ಇಲ್ಲವೇ ಜಾಗರೂಕನೆನಿಸಿಕೊಂಡ ಒಬ್ಬ ಸುತ್ತಿಗೆ ತಂದು ನಾಲ್ಕೇಟು ಹಾಕುತ್ತಾನೆ. ಎರಡೂ ತಪ್ಪು. ಮೂರನೆಯ ದಾರಿಯೊಂದಿದೆ. ಅದಕ್ಕೆ ಬೇಕಾದದ್ದು ಒಂದು ಹಳೆಯ ಡೆಸ್ಕ್‌ಟಾಪ್, ಒಂದು ಪೆನ್ ಡ್ರೈವ್, ಎರಡು ದಿನ ಮತ್ತು ಒಂದು ನೋಟ್‌ಬುಕ್ಕು. ಅದನ್ನು ಯಾರೂ ಮಾಡದಿರುವುದಕ್ಕೆ ಹಣದ ಕೊರತೆ ಕಾರಣವಲ್ಲ. ಮಾಡಬಹುದೆಂದು ಗೊತ್ತಿಲ್ಲದಿರುವುದು ಕಾರಣ.

ಮೊದಲು, 'ಡಿಲೀಟ್' ಎಂದರೆ ಏನು? ಗ್ರಂಥಾಲಯದ ಸೂಚಿಯಿಂದ ಒಂದು ಕಾರ್ಡನ್ನು ಕಿತ್ತರೆ ಪುಸ್ತಕ ಮಾಯವಾಗುವುದಿಲ್ಲ, ಕಪಾಟಿನಲ್ಲೇ ಇರುತ್ತದೆ. ಎಲ್ಲಿದೆ ಎಂದು ಹೇಳುವ ಚೀಟಿ ಮಾತ್ರ ಹೋಗಿರುತ್ತದೆ. ಕಂಪ್ಯೂಟರಿನಲ್ಲಿ ಫೈಲು ಅಳಿಸುವುದೂ, ರಿಸೈಕಲ್ ಬಿನ್ ಖಾಲಿ ಮಾಡುವುದೂ, 'ಕ್ವಿಕ್ ಫಾರ್ಮ್ಯಾಟ್' ಒತ್ತುವುದೂ ಇಷ್ಟೇ. ಪುಟಗಟ್ಟಲೆ ಅಕ್ಷರಗಳು ತಟ್ಟೆಯ ಮೇಲೆ ಹಾಗೆಯೇ ಉಳಿದಿರುತ್ತವೆ. ಉಚಿತವಾಗಿ ಸಿಗುವ ಮರುಪಡೆಯುವ ತಂತ್ರಾಂಶವೊಂದನ್ನು ಓಡಿಸಿದರೆ ಕಾಲೇಜು ಹುಡುಗನೂ ಅವನ್ನು ಎತ್ತಿಕೊಳ್ಳಬಲ್ಲ.

ನೀರಿಗೂ ಅವು ಹೆದರುವುದಿಲ್ಲ. 2005ರ ಜುಲೈ 26ರ ಮಳೆಯಲ್ಲಿ ಕಲ್ಯಾಣ್ ಭಾಗದ ನೆಲಮಹಡಿಯ ಅದೆಷ್ಟೋ ಕಚೇರಿಗಳು ಮುಳುಗಿದವು. 2019ರ ಜುಲೈಯಲ್ಲಿ ಉಲ್ಲಾಸ ನದಿ ಉಕ್ಕಿ ಬದ್ಲಾಪುರ ಮತ್ತು ವಾಂಗಣಿಯ ನಡುವೆ ಮಹಾಲಕ್ಷ್ಮಿ ಎಕ್ಸ್‌ಪ್ರೆಸ್ ನೀರಿನ ಮಧ್ಯೆ ನಿಂತದ್ದು ಹಲವರಿಗೆ ನೆನಪಿದೆ. ಅಂಥ ನೆರೆಯಲ್ಲಿ ನೆನೆದ ಕಂಪ್ಯೂಟರು 'ಕೆಟ್ಟುಹೋಯಿತು' ಎಂದು ಗುಜರಿಗೆ ಹೋಗುತ್ತದೆ. ಆದರೆ ನೆನೆದು ಕೆಡುವುದು ಸರ್ಕ್ಯೂಟ್ ಬೋರ್ಡು, ಮೋಟಾರು. ಒಳಗಿನ ತಟ್ಟೆಯ ಮೇಲಿನ ಕಾಂತೀಯ ಗುರುತುಗಳನ್ನು ಕೆಸರುನೀರು ಅಳಿಸುವುದಿಲ್ಲ. ಪರಿಣತರು ತಟ್ಟೆ ತೊಳೆದು ಓದಬಲ್ಲರು.

ಇದು ಬರೀ ಹೆದರಿಕೆಯ ಮಾತೇ? ಅಲ್ಲವೆಂದು ಎರಡು ದಶಕಗಳ ಹಿಂದೆಯೇ ರುಜುವಾತಾಗಿದೆ. ಅಮೆರಿಕದ ಎಂಐಟಿಯಲ್ಲಿದ್ದ ಸಿಮ್ಸನ್ ಗಾರ್ಫಿಂಕೆಲ್ ಮತ್ತು ಅಭಿ ಶೆಲಾಟ್ ಸೆಕೆಂಡ್‌ಹ್ಯಾಂಡ್ ಮಾರುಕಟ್ಟೆಯಿಂದ 158 ಡಿಸ್ಕುಗಳನ್ನು ಕೊಂಡು ತಂದು ಪರೀಕ್ಷಿಸಿ, 2003ರಲ್ಲಿ ಫಲಿತಾಂಶ ಪ್ರಕಟಿಸಿದರು. ಓದಲು ಸಾಧ್ಯವಾದವು 129. ಅವುಗಳಲ್ಲಿ ಸರಿಯಾಗಿ ಅಳಿಸಿದ್ದವು ಕೇವಲ 12. ಉಳಿದವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಕ್ರೆಡಿಟ್ ಕಾರ್ಡ್ ಸಂಖ್ಯೆಗಳು, ವೈದ್ಯಕೀಯ ವಿವರಗಳು, ಖಾಸಗಿ ಪತ್ರಗಳು ಸಿಕ್ಕವು. ಒಂದು ಡಿಸ್ಕಂತೂ ಎಟಿಎಂ ಯಂತ್ರದಿಂದ ಬಂದದ್ದಾಗಿತ್ತು.

ಹಣವಿದ್ದವರು ಇದನ್ನು ಸರಿಯಾಗಿ ಮಾಡುತ್ತಾರೆ ಎನ್ನುವ ನಂಬಿಕೆಯೂ ನಿಲ್ಲುವುದಿಲ್ಲ. ಮಾರ್ಗನ್ ಸ್ಟ್ಯಾನ್ಲಿಯಂಥ ದೊಡ್ಡ ಹಣಕಾಸು ಸಂಸ್ಥೆ ತನ್ನ ಡೇಟಾ ಸೆಂಟರಿನ ಹಳೆಯ ಡಿಸ್ಕುಗಳ ವಿಲೇವಾರಿಯನ್ನು, ಡೇಟಾ ನಾಶದ ಅನುಭವವೇ ಇಲ್ಲದ ಒಂದು ಸಾಮಾನು ಸಾಗಣೆ ಕಂಪನಿಗೆ ವಹಿಸಿತು. ಕೆಲವು ಡಿಸ್ಕುಗಳು ಗ್ರಾಹಕರ ಮಾಹಿತಿಯ ಸಮೇತ ಇಂಟರ್‌ನೆಟ್ ಹರಾಜಿಗೆ ಬಂದವು. ಅವನ್ನು ಕೊಂಡ ಗ್ರಾಹಕನೊಬ್ಬ ತಾನೇ ಬರೆದು ತಿಳಿಸಬೇಕಾಯಿತು. 2020ರಲ್ಲಿ 6 ಕೋಟಿ ಡಾಲರ್, 2022ರಲ್ಲಿ ಮತ್ತೆ 3.5 ಕೋಟಿ ಡಾಲರ್ ದಂಡ ಬಿತ್ತು. ಬಜೆಟ್ ಎಷ್ಟು ದೊಡ್ಡದಿದ್ದರೂ, ಡಿಸ್ಕು ಯಾರ ಕೈಗೆ ಹೋಯಿತು ಎಂದು ನೋಡಿಕೊಳ್ಳುವವರಿಲ್ಲದಿದ್ದರೆ ಅಷ್ಟೇ.

ಹಾಗಾದರೆ ಸುತ್ತಿಗೆ ಏಕೆ ಬೇಡ? ನಾಲ್ಕೇಟಿಗೆ ಹೊರಕವಚ ನುಗ್ಗಾಗುತ್ತದೆ, ನೋಡಿದವರಿಗೆ ಸಮಾಧಾನವಾಗುತ್ತದೆ. ಒಳಗಿನ ತಟ್ಟೆ ತುಸು ಬಾಗಿರಬಹುದು, ಬಹುಭಾಗ ಹಾಗೆಯೇ ಇರುತ್ತದೆ. ಅಳಿಸಿದ್ದು ಎಷ್ಟು, ಉಳಿದದ್ದು ಎಷ್ಟು ಎಂದು ಪರೀಕ್ಷಿಸಲು ಆಮೇಲೆ ದಾರಿಯೇ ಇಲ್ಲ. ಇನ್ನೊಂದು ನಷ್ಟವೂ ಇದೆ: ಚೆನ್ನಾಗಿ ಓಡುತ್ತಿದ್ದ ವಸ್ತುವೊಂದು ಇ-ಕಸವಾಯಿತು. ಅದೇ ಡಿಸ್ಕು ಒಂದು ಶಾಲೆಯ ಕಂಪ್ಯೂಟರ್ ಲ್ಯಾಬಿನಲ್ಲಿ ಇನ್ನೂ ಮೂರು ನಾಲ್ಕು ವರ್ಷ ದುಡಿಯುತ್ತಿತ್ತು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎನ್ನುವ ಗಾದೆ ಹಾರ್ಡ್ ಡಿಸ್ಕಿಗೆ ಹೇಳಿ ಮಾಡಿಸಿದ ಹಾಗಿದೆ. ಮಾಹಿತಿ ಸಾಯಬೇಕು, ಡಿಸ್ಕು ಉಳಿಯಬೇಕು.

ಅದಕ್ಕಿರುವ ಉಪಾಯ ಮೇಲೆ ಬರೆಯುವುದು. ಡಿಸ್ಕಿನ ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಸೊನ್ನೆ ತುಂಬುತ್ತಾ ಹೋಗುವುದು. ಹಳೆಯ ಅಕ್ಷರವಿದ್ದ ಜಾಗದಲ್ಲೇ ಹೊಸದು ಕೂರುವುದರಿಂದ ಹಳೆಯದಕ್ಕೆ ಜಾಗವಿಲ್ಲ.

ಇಲ್ಲೇ ಒಂದು ಹಳೆಯ ಮೂಢನಂಬಿಕೆ ಅಡ್ಡ ಬರುತ್ತದೆ. ಒಂದು ಸಲ ಬರೆದರೆ ಸಾಲದು, ಏಳು ಸಲ ಬರೆಯಬೇಕು, 35 ಸಲ ಬರೆಯಬೇಕು ಎನ್ನುವವರಿದ್ದಾರೆ. 35ರ ಲೆಕ್ಕ ಬಂದದ್ದು 1996ರಲ್ಲಿ ಪೀಟರ್ ಗುಟ್‌ಮನ್ ಬರೆದ ಪ್ರಬಂಧದಿಂದ. ಅಂದು ಬಳಕೆಯಲ್ಲಿದ್ದ ಬೇರೆ ಬೇರೆ ಬಗೆಯ ಡಿಸ್ಕುಗಳಿಗೆಲ್ಲ ಒಟ್ಟಿಗೆ ಅನ್ವಯವಾಗಲೆಂದು ಅಷ್ಟು ಮಾದರಿಗಳನ್ನು ಸೇರಿಸಲಾಗಿತ್ತು. ಯಾವುದೇ ಒಂದು ಡಿಸ್ಕಿಗೆ ಅಷ್ಟೂ ಬೇಕಿರಲಿಲ್ಲ. ಜನ ಅದನ್ನು ಮಂತ್ರದ ಹಾಗೆ ಜಪಿಸುತ್ತಿದ್ದಾರೆಂದು ಮುಂದೆ ಗುಟ್‌ಮನ್ನರೇ ಬೇಸರಪಟ್ಟುಕೊಂಡರು. ಅಮೆರಿಕದ ಮಾನಕ ಸಂಸ್ಥೆ ನಿಸ್ಟ್ 2006ರ ಮಾರ್ಗಸೂಚಿಯಲ್ಲೇ, 2001ರ ನಂತರ ತಯಾರಾದ 15 ಜಿಬಿಗಿಂತ ದೊಡ್ಡ ಎಟಿಎ ಡಿಸ್ಕುಗಳಿಗೆ ಒಂದು ಸಲ ಮೇಲೆ ಬರೆದರೆ ಸಾಕೆಂದು ಹೇಳಿತು. 2014ರ ಪರಿಷ್ಕರಣೆಯೂ ಸಾಮಾನ್ಯ ಬಳಕೆಗೆ ಒಂದು ಸುತ್ತನ್ನೇ ಒಪ್ಪಿತು. ಹೆಚ್ಚು ಗುಟ್ಟಿನ ಮಾಹಿತಿಗೆ ಡಿಸ್ಕಿನೊಳಗೇ ಇರುವ ಅಳಿಸುವ ಆಜ್ಞೆಯನ್ನು ಬಳಸಲು ಸೂಚಿಸಿತು.

ಈ ಮೂಢನಂಬಿಕೆ ನಿರುಪದ್ರವಿಯಲ್ಲ. ಸರಾಸರಿ ಸೆಕೆಂಡಿಗೆ 80 ಎಂಬಿ ಬರೆಯುವ 500 ಜಿಬಿಯ ಹಳೆಯ ಡಿಸ್ಕಿಗೆ ಒಂದು ಸುತ್ತು ಸೊನ್ನೆ ತುಂಬಲು ಸುಮಾರು ಒಂದೂಮುಕ್ಕಾಲು ಗಂಟೆ ಬೇಕು. ಇಪ್ಪತ್ತು ಡಿಸ್ಕುಗಳನ್ನು ಒಂದೊಂದಾಗಿ 35 ಸಲ ಬರೆಯಹೊರಟರೆ ಹಗಲೂ ರಾತ್ರಿ ಸೇರಿ 51 ದಿನ. ಮೂರನೆಯ ದಿನಕ್ಕೇ ಬೇಸತ್ತವನು ಉಳಿದವನ್ನು ಮತ್ತೆ ಪೆಟ್ಟಿಗೆಗೆ ಹಾಕಿ ಕಪಾಟು ಮುಚ್ಚುತ್ತಾನೆ. ಅತಿಯಾದ ಮಡಿಯಿಂದ ಕೆಲಸವೇ ನಿಂತುಹೋಗುತ್ತದೆ.

ಅದೇ ಡಿಸ್ಕುಗಳನ್ನು ನಾಲ್ಕು ನಾಲ್ಕಾಗಿ, ಒಂದೇ ಸುತ್ತಿನಲ್ಲಿ ಮಾಡಿದರೆ? ಐದು ಕಂತು, ಒಟ್ಟು ಒಂಬತ್ತು ಗಂಟೆಗೂ ಕಡಿಮೆ. ಬರೆದದ್ದನ್ನು ಮತ್ತೆ ಓದಿ ಪರೀಕ್ಷಿಸುವ ಸುತ್ತನ್ನು ಸೇರಿಸಿದರೆ ಹದಿನೇಳೂವರೆ ಗಂಟೆ. ಶನಿವಾರ ಬೆಳಿಗ್ಗೆ ಹಚ್ಚಿದರೆ ಭಾನುವಾರ ಸಂಜೆಗೆ ಮುಗಿಯುವ ಕೆಲಸ. ಡೆಸ್ಕ್‌ಟಾಪ್ ಮತ್ತು ನಾಲ್ಕು ಡಿಸ್ಕು ಸೇರಿ ನೂರು ವಾಟ್ ಎಳೆಯುತ್ತವೆ ಎಂದುಕೊಂಡರೆ ಮಹಾವಿತರಣದ ಮೀಟರಿನಲ್ಲಿ ಓಡುವುದು ಎರಡು ಯೂನಿಟ್ಟಿಗೂ ಕಡಿಮೆ. ಒಂದು ಸಭೆಯ ಚಹಾದ ಖರ್ಚು ಇದಕ್ಕಿಂತ ಹೆಚ್ಚು.

ನಾಲ್ಕು ಡಿಸ್ಕು ಒಟ್ಟಿಗೆ ಹಚ್ಚುವುದು ದೊಡ್ಡ ವಿದ್ಯೆಯೇನಲ್ಲ. ಎಂಟು ಹತ್ತು ವರ್ಷ ಹಳೆಯ ಯಾವುದೇ ಡೆಸ್ಕ್‌ಟಾಪಿನ ಮದರ್‌ಬೋರ್ಡಿನಲ್ಲಿ ಸಾಮಾನ್ಯವಾಗಿ ನಾಲ್ಕು ಸಾಟಾ ಪೋರ್ಟುಗಳಿರುತ್ತವೆ. ಪ್ರತಿ ಪೋರ್ಟಿಗೂ ತನ್ನದೇ ದಾರಿ. ಹಾಗಾಗಿ ಒಂದರ ವೇಗವನ್ನು ಇನ್ನೊಂದು ತಿನ್ನುವುದಿಲ್ಲ. ಯುಎಸ್‌ಬಿ ಹಬ್ಬಿನ ಕಥೆ ಬೇರೆ: ಹಳೆಯ ಯುಎಸ್‌ಬಿ 2ರಲ್ಲಿ ನಿಜಕ್ಕೂ ಸಿಗುವ ವೇಗ ಸೆಕೆಂಡಿಗೆ 30–35 ಎಂಬಿ. ಅದನ್ನೇ ನಾಲ್ಕು ಡಿಸ್ಕುಗಳು ಹಂಚಿಕೊಂಡರೆ ಒಂದು ಕಂತಿಗೇ ಹದಿನೇಳು ಗಂಟೆ ಹಿಡಿಯುತ್ತದೆ. ಯುಎಸ್‌ಬಿ ಬಳಸುವುದಾದರೆ 3ರ ಪೋರ್ಟಿಗೇ ಹಾಕಬೇಕು.

ತಂತ್ರಾಂಶಕ್ಕೂ ಕಾಸಿಲ್ಲ. ಒಂದು ಕಾಲದಲ್ಲಿ ಎಲ್ಲರೂ ಹೇಳುತ್ತಿದ್ದುದು ಡಿಬ್ಯಾನ್. ಅದರ ಕೊನೆಯ ಆವೃತ್ತಿ ಬಂದದ್ದು 2015ರಲ್ಲಿ, ಹೊಸ ಯಂತ್ರಗಳಲ್ಲಿ ಅದು ಸರಿಯಾಗಿ ಏಳುವುದಿಲ್ಲ. ಅದರ ಅಳಿಸುವ ಭಾಗದಿಂದ ಕವಲೊಡೆದ ಎನ್‌ವೈಪ್, ಮತ್ತು ಅದನ್ನೇ ಪೆನ್ ಡ್ರೈವಿನಿಂದ ಚಾಲೂ ಮಾಡಲು ಕಟ್ಟಿದ ಶ್ರೆಡ್‌ಓಎಸ್ ಇಂದು ಉಚಿತವಾಗಿ, ಮೂಲ ಸಂಕೇತದ ಸಮೇತ ಸಿಗುತ್ತವೆ. ಪೆನ್ ಡ್ರೈವಿನಿಂದ ಬೂಟ್ ಮಾಡಿದರೆ ಜೋಡಿಸಿದ ಡಿಸ್ಕುಗಳೆಲ್ಲ ಮಾದರಿ ಮತ್ತು ಸೀರಿಯಲ್ ನಂಬರಿನೊಂದಿಗೆ ಪರದೆಯ ಮೇಲೆ ಸಾಲಾಗಿ ಕಾಣುತ್ತವೆ. ಬೇಕಾದವನ್ನು ಆರಿಸಿದರೆ ಎಲ್ಲವೂ ಏಕಕಾಲಕ್ಕೆ ಅಳಿಯಲಾರಂಭಿಸುತ್ತವೆ. ಕ್ರಮವಿಲ್ಲದ ಸಂಖ್ಯೆಗಳನ್ನು ತುಂಬುವ ವಿಧಾನವೂ ಅದರಲ್ಲಿದೆ. ಆದರೆ ಸಣ್ಣ ಕಚೇರಿಗೆ ಸೊನ್ನೆಯೇ ಮೇಲು. ಕಾರಣ ಸರಳ: ಸೊನ್ನೆಯನ್ನು ಯಾರು ಬೇಕಾದರೂ ಪರೀಕ್ಷಿಸಬಹುದು. ಡಿಸ್ಕಿನ ಯಾವ ಮೂಲೆಯನ್ನು ತೆರೆದು ನೋಡಿದರೂ ಸೊನ್ನೆ ಬಿಟ್ಟು ಬೇರೇನೂ ಕಾಣಬಾರದು. ಕಂಪ್ಯೂಟರ್ ತಿಳಿಯದ ಖಜಾಂಚಿಗೂ ಅದು ಅರ್ಥವಾಗುತ್ತದೆ.

ಒಟ್ಟಿಗೆ ಮಾಡುವುದರಲ್ಲಿ ಅಪಾಯವೂ ಇದೆ. ನಾಲ್ಕು ಒಟ್ಟಿಗೆ ಅಳಿಸುವವನ ತಪ್ಪೂ ನಾಲ್ಕು ಪಟ್ಟು. ಈ ಕೆಲಸಕ್ಕೆ ಬಳಸುವ ಕಂಪ್ಯೂಟರಿನ ಸ್ವಂತ ಡಿಸ್ಕಿನ ಕೇಬಲನ್ನು ಮೊದಲೇ ಕಿತ್ತಿಡಬೇಕು. ಇವತ್ತಿನ ಬ್ಯಾಕಪ್ ಇರುವ ಡಿಸ್ಕು ಆ ಕೋಣೆಯಲ್ಲೇ ಇರಬಾರದು. ಮೇಜಿನ ಮೇಲೆ ಮೂರು ಗುಂಪು ಬೇರೆ ಬೇರೆ ಇರಬೇಕು: ಅಳಿಸಬೇಕಾದವು, ಅಳಿಸಿ ಆದವು, ಕೆಟ್ಟವು. ಡಿಸ್ಕುಗಳನ್ನು ಒಂದರ ಮೇಲೊಂದು ಪೇರಿಸದೆ, ಎದುರಿಗೆ ಒಂದು ಫ್ಯಾನು ಹಚ್ಚಿಡಬೇಕು. ಗಂಟೆಗಟ್ಟಲೆ ಬರೆಯುವಾಗ ಅವು ಬಿಸಿಯೇರುತ್ತವೆ. ಚಾಲೂ ಆಗುವ ಕ್ಷಣದಲ್ಲಿ ದೊಡ್ಡ ಡಿಸ್ಕು ತಲಾ 24 ವಾಟಿನಷ್ಟು ಎಳೆಯುವುದರಿಂದ, ಅಗ್ಗದ ಕವಲು ವೈರುಗಳಲ್ಲಿ ಹತ್ತಾರು ಡಿಸ್ಕು ನೇತುಹಾಕುವ ಉಮೇದು ಬೇಡ. ಬಡತನದ ಉಪಾಯಕ್ಕೂ ಒಂದು ಮಿತಿ ಇರಬೇಕು.

ಈ ವಿಧಾನ ಎಲ್ಲಿ ಸೋಲುತ್ತದೆ ಎಂಬುದನ್ನೂ ಹೇಳಬೇಕು. ತಿರುಗದ, ಟಕ ಟಕ ಸದ್ದು ಮಾಡುವ ಡಿಸ್ಕಿನ ಮೇಲೆ ಬರೆಯಲಾಗುವುದಿಲ್ಲ. ಅಲ್ಲಲ್ಲಿ ಕೆಟ್ಟು, ಬದಲಿ ಸೆಕ್ಟರುಗಳ ಮೇಲೆ ಓಡುತ್ತಿದ್ದ ಡಿಸ್ಕಿನಲ್ಲಿ, ಬಳಕೆಯಿಂದ ತೆಗೆದ ಹಳೆಯ ಸೆಕ್ಟರುಗಳನ್ನು ಸೊನ್ನೆ ಮುಟ್ಟುವುದಿಲ್ಲ. ಇಂಥವಕ್ಕೆ ಮಾತ್ರ ನಾಶವೇ ಗತಿ. ಕವಚ ಬಿಚ್ಚಿ ತಟ್ಟೆಗಳನ್ನೇ ಹೊರತೆಗೆದು ಕೆಡಿಸಬೇಕು, ಆಮೇಲೆ ನೋಂದಾಯಿತ ಇ-ತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಕೊಡಬೇಕು. 2.5 ಇಂಚಿನ ಲ್ಯಾಪ್‌ಟಾಪ್ ಡಿಸ್ಕುಗಳಲ್ಲಿ ತಟ್ಟೆ ಗಾಜಿನದಿರುತ್ತದೆ, ಒಡೆದರೆ ಚೂರು ಸಿಡಿಯುತ್ತದೆ. ಕಣ್ಣಿಗೆ ರಕ್ಷಣೆ ಬೇಕು. ಸುತ್ತಿಗೆಗೂ ಒಂದು ಜಾಗವಿದೆ ಎಂದಾಯಿತು, ಆದರೆ ಅದು ಕೊನೆಯ ಜಾಗ.

ಎಸ್‌ಎಸ್‌ಡಿಯ ಲೆಕ್ಕವೇ ಬೇರೆ. ಅದರಲ್ಲಿ ಮೇಲೆ ಬರೆದದ್ದು ಹಳೆಯದರ ಮೇಲೆಯೇ ಕೂರುತ್ತದೆ ಎಂಬ ಖಾತ್ರಿ ಇಲ್ಲ. ಒಳಗಿನ ನಿಯಂತ್ರಕ ತನಗೆ ಬೇಕಾದ ಕಡೆ ಬರೆಯುತ್ತದೆ, ಹೊರಗಿನವರಿಗೆ ಕಾಣದ ಹೆಚ್ಚುವರಿ ಜಾಗವನ್ನೂ ಇಟ್ಟುಕೊಂಡಿರುತ್ತದೆ. 2011ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಸಂಶೋಧಕರು ಇದನ್ನು ಚಿಪ್ ಬಿಚ್ಚಿ ಓದಿಯೇ ತೋರಿಸಿದರು. ಕೆಲವು ಎಸ್‌ಎಸ್‌ಡಿಗಳಲ್ಲಿ ಅಳಿಸುವ ಆಜ್ಞೆಯೇ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆದ್ದರಿಂದ ತಯಾರಕರು ಕೊಡುವ 'ಸೆಕ್ಯೂರ್ ಇರೇಸ್' ಅಥವಾ 'ಸ್ಯಾನಿಟೈಜ್' ಆಜ್ಞೆಯನ್ನೇ ಬಳಸಿ, ಆಮೇಲೆ ಓದಿ ನೋಡಬೇಕು. ಇದಕ್ಕಿಂತ ಒಳ್ಳೆಯ ದಾರಿ ಮೊದಲ ದಿನವೇ ಇಡೀ ಡಿಸ್ಕನ್ನು ಗೂಢಲಿಪಿಯಲ್ಲಿಡುವುದು. ವಿಂಡೋಸ್ ಪ್ರೊದಲ್ಲಿ ಬಿಟ್‌ಲಾಕರ್, ಲಿನಕ್ಸಿನಲ್ಲಿ ಲಕ್ಸ್ ಇದ್ದೇ ಇವೆ. ಆಗ ಕೊನೆಯ ದಿನ ಬೀಗದ ಕೈಯನ್ನು ನಾಶಮಾಡಿದರೆ ಒಳಗಿರುವುದೆಲ್ಲ ಅರ್ಥವಿಲ್ಲದ ಗೀಟು. ಹಳೆಯ ಪೆಟ್ಟಿಗೆಗೆ ಸೊನ್ನೆ, ಹೊಸ ಕಂಪ್ಯೂಟರಿಗೆ ಬೀಗ: ನೀತಿಯನ್ನು ಇಷ್ಟರಲ್ಲೇ ಹೇಳಿಬಿಡಬಹುದು.

ಪೆಟ್ಟಿಗೆಯ ಹೊರಗೂ ಡಿಸ್ಕುಗಳಿವೆ. ಹೌಸಿಂಗ್ ಸೊಸೈಟಿಯ ಸಿಸಿಟಿವಿ ಡಿವಿಆರ್‌ನಲ್ಲಿ ಒಂದು ಹಾರ್ಡ್ ಡಿಸ್ಕಿದೆ. ಯಾರ ಮನೆಗೆ ಯಾರು ಎಷ್ಟು ಹೊತ್ತಿಗೆ ಬಂದರು ಎಂಬುದೆಲ್ಲ ಅದರಲ್ಲಿದೆ. ಕಚೇರಿಗಳ ದೊಡ್ಡ ಜೆರಾಕ್ಸ್ ಯಂತ್ರಗಳಲ್ಲೂ ಡಿಸ್ಕಿರುತ್ತದೆ. ಅಮೆರಿಕದ ಆರೋಗ್ಯ ವಿಮಾ ಸಂಸ್ಥೆಯೊಂದು ಬಾಡಿಗೆಯ ಜೆರಾಕ್ಸ್ ಯಂತ್ರಗಳನ್ನು ಡಿಸ್ಕ್ ಅಳಿಸದೆ ಹಿಂತಿರುಗಿಸಿದ್ದಕ್ಕೆ 2013ರಲ್ಲಿ 12 ಲಕ್ಷ ಡಾಲರಿಗೂ ಹೆಚ್ಚು ತೆರಬೇಕಾಯಿತು.

ಈಗ ಪ್ರತಿವಾದ. ಐರೋಲಿ, ಮಹಾಪೆ, ರಬಾಲೆಗಳಲ್ಲಿ ಡೇಟಾ ಸೆಂಟರುಗಳು ಎದ್ದಿವೆ. ಇದನ್ನೇ ವೃತ್ತಿಯಾಗಿ ಮಾಡಿ ಪ್ರಮಾಣಪತ್ರ ಕೊಡುವ ಕಂಪನಿಗಳಿವೆ. ಸಣ್ಣ ಸಂಸ್ಥೆ ತಾನೇ ಏಕೆ ಕೈ ಹಾಕಬೇಕು? ಸಾವಿರಾರು ಡಿಸ್ಕು ಇರುವವರಿಗೆ ಆ ಮಾತು ಸರಿ. ಇಪ್ಪತ್ತು ಡಿಸ್ಕಿನವರು ಆ ಖರ್ಚಿಗೆ ಹೆದರಿ ಏನೂ ಮಾಡದೆ ಕೂರುತ್ತಾರೆ, ಕೊನೆಗೆ ಭಂಗಾರ್‌ವಾಲಾನೇ ಗೆಲ್ಲುತ್ತಾನೆ. ಖರ್ಚು ಮಾಡಿದರೂ ಪ್ರಮಾಣಪತ್ರದ ಬೆಲೆ ಅದರಲ್ಲಿರುವ ಸೀರಿಯಲ್ ನಂಬರುಗಳಷ್ಟೇ. ತನ್ನಲ್ಲಿ ಎಷ್ಟು ಡಿಸ್ಕುಗಳಿದ್ದವು ಎಂಬ ಪಟ್ಟಿಯೇ ಇಲ್ಲದ ಕಚೇರಿಗೆ, ಎಲ್ಲವೂ ಅಳಿದವು ಎಂಬ ಕಾಗದದಿಂದ ಏನು ಪ್ರಯೋಜನ? ಡಿಸ್ಕು ಕಚೇರಿಯ ಹೊಸ್ತಿಲು ದಾಟುವ ಮೊದಲೇ ಖಾಲಿಯಾಗಿದ್ದರೆ, ದಾರಿಯಲ್ಲಿ ಕಳೆದರೂ ಟೆಂಪೋದವನು ಮಾರಿದರೂ ಹೋಗುವುದು ಕಬ್ಬಿಣ ಮಾತ್ರ.

ಇನ್ನೊಂದು ಪ್ರತಿವಾದ ಹೆಚ್ಚು ಗಟ್ಟಿ. ಅಳಿಸುವುದು ಸುಲಭವಾದರೆ ಅಳಿಸಬಾರದ್ದನ್ನು ಅಳಿಸುವುದೂ ಸುಲಭ. ಲೆಕ್ಕಪರಿಶೋಧನೆ ಬಾಕಿಯಿರುವ, ಕೋರ್ಟಿನಲ್ಲಿ ವ್ಯಾಜ್ಯವಿರುವ ಸಂಸ್ಥೆಯಲ್ಲಿ ಡಿಸ್ಕು ಸಾಕ್ಷ್ಯವೂ ಆಗಿರುತ್ತದೆ. ಕಂಪನಿ ಕಾಯಿದೆ ಲೆಕ್ಕಪುಸ್ತಕಗಳನ್ನು ಎಂಟು ವರ್ಷ ಇಡಲು ಹೇಳುತ್ತದೆ. ಹಣ ಅಕ್ರಮ ವರ್ಗಾವಣೆ ತಡೆ ಕಾಯಿದೆ ಗ್ರಾಹಕರ ಗುರುತಿನ ದಾಖಲೆಗಳನ್ನು ಸಂಬಂಧ ಮುಗಿದ ಮೇಲೂ ಐದು ವರ್ಷ ಇಡಿಸುತ್ತದೆ. ಆದ್ದರಿಂದ ಒಬ್ಬನೇ ಕೋಣೆಯ ಬಾಗಿಲು ಹಾಕಿಕೊಂಡು ಮಾಡುವ ಕೆಲಸ ಇದಾಗಬಾರದು. ಸಮಿತಿಯ ಠರಾವು ಬೇಕು, ಲೆಕ್ಕಿಗನ ಒಪ್ಪಿಗೆ ಬೇಕು, ಉಳಿಸಬೇಕಾದದ್ದರ ಪ್ರತಿ ಬೇರೆಡೆ ಇದೆಯೆಂಬ ಖಾತ್ರಿ ಬೇಕು. ನೋಟ್‌ಬುಕ್ಕಿನಲ್ಲಿ ಪ್ರತಿ ಡಿಸ್ಕಿಗೆ ಒಂದು ಸಾಲು: ಸೀರಿಯಲ್ ನಂಬರು, ಯಾವ ಕಂಪ್ಯೂಟರಿನದು, ಅಳಿಸಿದ ದಿನ, ವಿಧಾನ, ಪರೀಕ್ಷೆಯ ಫಲ, ಇಬ್ಬರ ಸಹಿ. ಇಬ್ಬರಲ್ಲಿ ಒಬ್ಬರು ಕಂಪ್ಯೂಟರ್ ಬಲ್ಲವರಾಗಿರಲಿ, ಇನ್ನೊಬ್ಬರು ಬಲ್ಲದವರೇ ಆಗಿರಲಿ. ಪ್ರಶ್ನೆ ಕೇಳುವವರು ಎರಡನೆಯವರು.

ಕಾನೂನು ಇನ್ನೊಂದು ಕಡೆಯಿಂದಲೂ ಬಾಗಿಲು ತಟ್ಟುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ, ಉದ್ದೇಶ ಮುಗಿದ ಮೇಲೆ, ಬೇರೆ ಕಾನೂನು ಇಟ್ಟುಕೊಳ್ಳಲು ಹೇಳದಿದ್ದರೆ, ಜನರ ಮಾಹಿತಿಯನ್ನು ಅಳಿಸಬೇಕು ಎನ್ನುತ್ತದೆ. ಮಾಹಿತಿಯನ್ನು ಕಾಪಾಡಲು ತಕ್ಕ ಎಚ್ಚರ ವಹಿಸದಿದ್ದರೆ ದಂಡ 250 ಕೋಟಿ ರೂಪಾಯಿಯವರೆಗೂ ಹೋಗಬಹುದು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಮುಖ್ಯ ಹೊಣೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಸಣ್ಣ ಸಂಸ್ಥೆಗಳು ಈ ಅವಧಿಯನ್ನು ಸಲಹೆಗಾರರ ಪವರ್ ಪಾಯಿಂಟ್ ನೋಡುವುದರಲ್ಲಿ ಕಳೆಯಬಹುದು. ಇಲ್ಲವೇ ಕಪಾಟಿನ ಕೆಳಗಿನ ಅರೆಯಿಂದ ಶುರುಮಾಡಬಹುದು.

ಈ ಪಟ್ಟಿಯಲ್ಲಿ ಇನ್ನೊಂದು ಸಂಪತ್ತು ಸುಮ್ಮನೆ ಬಿದ್ದಿದೆ. ಐರೋಲಿ, ಘನ್ಸೋಲಿಗಳ ಐಟಿ ಪಾರ್ಕುಗಳಿಗೆ ದಿನಾ ಬೆಳಿಗ್ಗೆ ಡೊಂಬಿವಲಿ, ಕಲ್ಯಾಣಿನಿಂದ ಲೋಕಲ್ ಹಿಡಿದು ಹೋಗುವ ಸಾವಿರಾರು ಮಂದಿಗೆ ಈ ಕೆಲಸ ಎಡಗೈಯಾಟ. ಅವರಲ್ಲಿ ಅನೇಕರ ತಂದೆತಾಯಿಯರ ಖಾತೆ ಇಂಥದೇ ಸೊಸೈಟಿಗಳಲ್ಲಿದೆ. ಸಂಘಗಳು ಪ್ರತಿಭಾ ಪುರಸ್ಕಾರಕ್ಕೂ ಹಳದಿಕುಂಕುಮಕ್ಕೂ ಯುವಕರನ್ನು ಕರೆಯುವ ಹಾಗೆ ಇದಕ್ಕೂ ಒಂದು ಭಾನುವಾರ ಕರೆಯಬಹುದು. ಒಂದೇ ಡೆಸ್ಕ್‌ಟಾಪನ್ನು ಹತ್ತು ಸಂಸ್ಥೆಗಳು ಹಂಚಿಕೊಳ್ಳಬಹುದು. ನೆನಪಿಡಬೇಕಾದ ನಿಯಮ ಒಂದೇ: ಕಂಪ್ಯೂಟರು ಡಿಸ್ಕುಗಳಿದ್ದಲ್ಲಿಗೆ ಹೋಗಬೇಕು, ಡಿಸ್ಕುಗಳು ಕಂಪ್ಯೂಟರಿದ್ದಲ್ಲಿಗೆ ಅಲ್ಲ.

ಪಿಗ್ಮಿ ಕಟ್ಟಿದವರು ದುಡ್ಡಿನ ಜೊತೆಗೆ ತಮ್ಮ ಹೆಸರು, ವಿಳಾಸ, ಸಹಿಗಳನ್ನೂ ನಂಬಿ ಕೊಟ್ಟಿದ್ದರು. ದುಡ್ಡನ್ನು ಬಡ್ಡಿ ಸಮೇತ ಹಿಂತಿರುಗಿಸಿದ ಸಂಸ್ಥೆ ತನ್ನ ಲೆಕ್ಕ ಚುಕ್ತಾ ಆಯಿತೆಂದು ತಿಳಿದಿರುತ್ತದೆ. ಆ ಪೆಟ್ಟಿಗೆಯ ಕೊನೆಯ ಡಿಸ್ಕು ಸೊನ್ನೆಯಾಗುವವರೆಗೂ ಲೆಕ್ಕ ಚುಕ್ತಾ ಆಗಿಲ್ಲ.